ಹತ್ತಿ ಕಾಯಿಯಿಂದ ಅಂಗೈಯಗಲದ ಬಟ್ಟೆ: ನೀವೇ ನೂತು, ನೇಯ್ದು ನೋಡಿ

ಹಳೆಯ ಹತ್ತಿ ಕರ್ಚೀಫು ಒಂದನ್ನು ಮನೆಯಲ್ಲಿ ಕೇಳಿ ತಗೊಳ್ಳಿ. ಅಂಚಿನ ಹೊಲಿಗೆಯನ್ನು ಕತ್ತರಿಸಿ ತೆಗೆಯಿರಿ. ಕತ್ತರಿಸಿದ ಬದಿಯಲ್ಲಿ ಒಂದು ದಾರವನ್ನು ಸೂಜಿಯ ಮೊನೆಯಿಂದ ಎಬ್ಬಿಸಿ ಮೆಲ್ಲಗೆ ಎಳೆಯಿರಿ. ಬಂತಲ್ವಾ? ಇನ್ನೊಂದು ಎಳೆಯಿರಿ. ಹೀಗೇ ಎಳೆಯುತ್ತಾ ಹೋದರೆ ಇಡೀ ಕರ್ಚೀಫು ದಾರದ ಗುಡ್ಡೆಯಾಗಿಬಿಡುತ್ತದೆ. ಒಳಗೆ ಅಂಟು ಇರಲಿಲ್ಲ, ಗಂಟು ಇರಲಿಲ್ಲ. ದಾರಗಳು ಒಂದರ ಮೇಲೆ, ಇನ್ನೊಂದರ ಕೆಳಗೆ ಹಾದುಹೋಗಿದ್ದವು, ಅಷ್ಟೇ.

ಈಗ ಒಂದು ದಾರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ. ಒಂದು ಕಡೆಗೆ ತಿರುಚಿದರೆ ಬಿಗಿಯಾಗುತ್ತದೆ. ಇನ್ನೊಂದು ಕಡೆಗೆ ತಿರುಚಿದರೆ ಸಡಿಲವಾಗುತ್ತದೆ. ಪೂರ್ತಿ ಸಡಿಲವಾದ ಮೇಲೆ ಮೆಲ್ಲಗೆ ಎಳೆದರೂ ಸಾಕು, ದಾರ ಎರಡಾಗುತ್ತದೆ. ಆ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ತಲೆಕೂದಲಿಗಿಂತ ತೆಳ್ಳಗಿರುವ ನಾರುಗಳು ಕಾಣುತ್ತವೆ. ಒಂದೊಂದರ ಉದ್ದ ಎರಡು ಮೂರು ಸೆಂಟಿಮೀಟರ್ ಮಾತ್ರ.

ಅಷ್ಟು ಗಿಡ್ಡ ನಾರಿನಿಂದ ಐದೂವರೆ ಮೀಟರ್ ಸೀರೆ ಹೇಗಾಯಿತು? ಕೈಯಿಂದ ಮಾಡಿ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಶಾಲೆಯಲ್ಲಿ ಬಣ್ಣದ ಕಾಗದದ ಪಟ್ಟಿ ಕೊಟ್ಟು ನೇಯ್ಗೆ ಮಾಡಿಸುತ್ತಾರೆ. ಅದು ಒಳ್ಳೆಯದೇ. ಆದರೆ ಅದು ಕಥೆಯನ್ನು ನಡುವಿನಿಂದ ಶುರು ಮಾಡಿದಂತೆ. ಪಟ್ಟಿ ಎಲ್ಲಿಂದ ಬಂತು ಅನ್ನುವುದೇ ದೊಡ್ಡ ವಿಷಯ. ಹಾಗಾಗಿ ನಾವು ಹತ್ತಿ ಕಾಯಿಯಿಂದ ಶುರು ಮಾಡೋಣ. ಕೊನೆಗೆ ನಿಮ್ಮ ಅಂಗೈಯಷ್ಟು ಅಗಲದ ಬಟ್ಟೆ ಸಿಗುತ್ತದೆ. ಒಂದೇ ದಿನದಲ್ಲಿ ಮುಗಿಸಬೇಕು ಎಂದುಕೊಳ್ಳಬೇಡಿ. ರಜೆಯಲ್ಲಿ ದಿನಕ್ಕೊಂದಿಷ್ಟು ಮಾಡಿ.

ಬೇಕಾಗುವ ಸಾಮಾನು

ಬೀಜ ಇರುವ ಹತ್ತಿ ಎರಡು ಹಿಡಿ, ಒಂದು ತಕಲಿ (ಕೈಯಲ್ಲಿ ತಿರುಗಿಸಿ ನೂಲುವ ಕಡ್ಡಿ), ಚಿಕ್ಕ ಬಟ್ಟಲು ಅಥವಾ ಒಡೆದ ತೆಂಗಿನ ಚಿಪ್ಪು, ಗಟ್ಟಿ ರಟ್ಟು, ದೊಡ್ಡ ಕಣ್ಣಿನ ಮೊಂಡು ಸೂಜಿ, ಬಾಚಣಿಗೆ, ಅಡಿ ಸ್ಕೇಲು, ಒಂದು ಲೋಟ ಅನ್ನದ ಗಂಜಿ. ಬಣ್ಣ ಹಾಕುವುದಾದರೆ ಒಂದು ದಾಳಿಂಬೆಯ ಸಿಪ್ಪೆ ಮತ್ತು ಚೂರು ಪಟಿಕ. ಕುದಿಯುವ ನೀರು, ಬ್ಲೇಡು ಎರಡನ್ನೂ ದೊಡ್ಡವರೇ ಮುಟ್ಟಲಿ.

ತಕಲಿ ಕೆಲವು ಖಾದಿ ಭಂಡಾರಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಮಾಡಿಕೊಳ್ಳಬಹುದು. ಸುಮಾರು 20 ಸೆಂ.ಮೀ. ಉದ್ದದ ನೇರವಾದ ಬಿದಿರು ಕಡ್ಡಿ ತಗೊಳ್ಳಿ. ರಟ್ಟಿನಿಂದ 4 ಸೆಂ.ಮೀ. ಅಗಲದ ದುಂಡು ಬಿಲ್ಲೆ ಮೂರು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ. ಸರಿಯಾಗಿ ನಡುವೆ ತೂತು ಮಾಡಿ ಕಡ್ಡಿಗೆ ತೂರಿಸಿ. ಬಿಲ್ಲೆ ಕೆಳಗಿನ ತುದಿಯಿಂದ 3 ಸೆಂ.ಮೀ. ಮೇಲೆ ಬಿಗಿಯಾಗಿ ನಿಲ್ಲಬೇಕು. ಕಡ್ಡಿಯ ಮೇಲ್ತುದಿಯಲ್ಲಿ ದಾರ ಸಿಕ್ಕಿಕೊಳ್ಳಲು ಒಂದು ಸಣ್ಣ ಕಚ್ಚು ಹಾಕಿಸಿಕೊಳ್ಳಿ. ತೂತು ನಡುವಿನಲ್ಲಿ ಇಲ್ಲದಿದ್ದರೆ ತಕಲಿ ಓಲಾಡುತ್ತದೆ, ನೂಲು ಪದೇಪದೇ ತುಂಡಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಅವಸರ ಬೇಡ.

ಹತ್ತಿ ಹುಡುಕುವುದು

ಧಾರವಾಡ, ಹಾವೇರಿ, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಮಕ್ಕಳಿಗೆ ಇದು ಸುಲಭ. ಎರೆ ಹೊಲದಲ್ಲಿ ಹತ್ತಿ ಇದ್ದೇ ಇರುತ್ತದೆ. ಮೈಸೂರಿನ ಎಚ್.ಡಿ. ಕೋಟೆ ಕಡೆಯೂ ಬೆಳೆಯುತ್ತಾರೆ. ಮಳೆಗಾಲದಲ್ಲಿ ಬಿತ್ತಿದ ಹತ್ತಿ ಹೆಚ್ಚಾಗಿ ಅಕ್ಟೋಬರ್ ಹೊತ್ತಿಗೆ ಬಿಡಿಸಲು ಬರುತ್ತದೆ. ಊರಿಗೆ ಹೋದಾಗ ಕೇಳಿದರೆ ಒಂದು ಹಿಡಿ ಹತ್ತಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಪಟ್ಟಣದಲ್ಲಿರುವವರು ಗ್ರಂಥಿಗೆ ಅಂಗಡಿಯಲ್ಲಿ ಪೂಜೆಗೆ ಮಾರುವ ಹತ್ತಿ ಕೇಳಿ. ಔಷಧಿ ಅಂಗಡಿಯ ಹತ್ತಿ ಬೇಡ. ಯಾಕೆ ಅನ್ನುವುದಕ್ಕೆ ಒಂದು ಪ್ರಯೋಗ ಇದೆ.

ಎರಡು ಬಟ್ಟಲಿನಲ್ಲಿ ನೀರು ಹಾಕಿ. ಒಂದಕ್ಕೆ ಗಿಡದಿಂದ ಬಂದ ಹತ್ತಿ, ಇನ್ನೊಂದಕ್ಕೆ ಔಷಧಿ ಅಂಗಡಿಯ ಹತ್ತಿ ಹಾಕಿ. ಅಂಗಡಿಯದ್ದು ತಕ್ಷಣ ನೀರು ಕುಡಿದು ಮುಳುಗುತ್ತದೆ. ಗಿಡದ ಹತ್ತಿ ಬಹಳ ಹೊತ್ತು ತೇಲುತ್ತಲೇ ಇರುತ್ತದೆ. ಹತ್ತಿಯ ನಾರಿನ ಮೇಲೆ ಹುಟ್ಟಿನಿಂದಲೇ ಮೇಣದ ತೆಳು ಪದರ ಇರುತ್ತದೆ. ಅದು ನೀರನ್ನು ಒಳಗೆ ಬಿಡುವುದಿಲ್ಲ. ಗಾಯ ಒರೆಸುವ ಹತ್ತಿ ನೀರು ಹೀರಬೇಕಲ್ಲ, ಅದಕ್ಕೆ ಕಾರ್ಖಾನೆಯಲ್ಲಿ ಆ ಮೇಣವನ್ನು ತೊಳೆದು ತೆಗೆದಿರುತ್ತಾರೆ. ನೂಲುವಾಗ ನಾರುಗಳು ಒಂದರ ಪಕ್ಕ ಒಂದು ಜಾರಿಕೊಂಡು ಬರಲು ಆ ಮೇಣ ಬೇಕು. ಅದಿಲ್ಲದ ಹತ್ತಿ ಕೈಯಲ್ಲಿ ಮುದ್ದೆಯಾಗುತ್ತದೆ.

ಹತ್ತಿಯ ನಾರು ಅಂದರೆ ಏನು ಗೊತ್ತೇ? ಬೀಜದ ಸಿಪ್ಪೆಯ ಮೇಲಿನ ಒಂದೇ ಒಂದು ಜೀವಕೋಶ ಉದ್ದವಾಗಿ ಬೆಳೆದದ್ದು. ಒಂದು ನಾರು, ಒಂದು ಕೋಶ. ಕಾಯಿಯೊಳಗೆ ಇರುವಾಗ ಅದು ರಸ ತುಂಬಿದ ಕೊಳವೆ. ಕಾಯಿ ಬಿರಿದು ಬಿಸಿಲು ತಾಗಿದಾಗ ಒಣಗಿ ಚಪ್ಪಟೆಯಾಗುತ್ತದೆ, ತನ್ನಷ್ಟಕ್ಕೆ ತಾನೇ ಸುರುಳಿ ಸುರುಳಿಯಾಗಿ ತಿರುಚಿಕೊಳ್ಳುತ್ತದೆ. ಈ ತಿರುಚು ಇರುವುದರಿಂದಲೇ ನಾರುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನಾವು ನೂಲುವುದಕ್ಕೆ ಮೊದಲೇ ಗಿಡ ಸ್ವಲ್ಪ ಕೆಲಸ ಮಾಡಿಟ್ಟಿರುತ್ತದೆ.

ಹತ್ತಿಯಲ್ಲೂ ತಳಿಗಳಿವೆ. ಧಾರವಾಡ ಸೀಮೆಯ ಜಯಧರ್ ಹತ್ತಿಯ ನಾರು ಗಿಡ್ಡ. ಆದರೆ ಮಳೆ ಕಡಿಮೆಯಾದರೂ ತಾಳಿಕೊಳ್ಳುವ ಗಟ್ಟಿ ಗಿಡ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ.ಎಚ್. ಕಟರಕಿ ಅವರು ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ವರಲಕ್ಷ್ಮಿ ಎಂಬ ಉದ್ದ ನಾರಿನ ತಳಿ ಕೊಟ್ಟರು. ನಾರು ಉದ್ದವಿದ್ದಷ್ಟೂ ನೂಲು ಸಣ್ಣಗೆ, ನಯವಾಗಿ ಬರುತ್ತದೆ. ಗಿಡ್ಡ ನಾರಿನ ನೂಲು ದಪ್ಪ, ಒರಟು. ಜಮಖಾನಕ್ಕೆ ಒಂದು, ತೆಳು ಪಂಚೆಗೆ ಇನ್ನೊಂದು.

ಬೀಜ ಬಿಡಿಸಿ, ಹಿಂಜಿ

ಹತ್ತಿಯನ್ನು ಒಂದು ದಿನ ಬಿಸಿಲಿಗೆ ಹಾಕಿ. ತೇವ ಇದ್ದರೆ ಬೀಜ ಬಿಡುವುದಿಲ್ಲ. ಒಣಗಿದ ಮೇಲೆ ಒಂದೊಂದು ಬೀಜವನ್ನು ಹಿಡಿದು ಸುತ್ತಲಿನ ನಾರನ್ನು ಎಳೆದು ಬಿಡಿಸಿ. ಬೆರಳಿನಲ್ಲಿ ಕಷ್ಟವಾದರೆ ಚಪ್ಪಟೆ ಹಲಗೆಯ ಮೇಲೆ ಹತ್ತಿ ಇಟ್ಟು, ಒಂದು ತೆಳು ಕಬ್ಬಿಣದ ಸಲಾಕೆಯನ್ನು ಅದರ ಮೇಲೆ ಒತ್ತಿ ಉರುಳಿಸಿ. ನಾರು ಸಲಾಕೆಯ ಕೆಳಗೆ ಹೋಗುತ್ತದೆ, ಬೀಜ ಮುಂದಕ್ಕೆ ಚಿಮ್ಮುತ್ತದೆ. ಯಂತ್ರ ಬರುವ ಮುಂಚೆ ಜನ ಹೀಗೂ ಬೀಜ ತೆಗೆಯುತ್ತಿದ್ದರು. ಈಗ ಜಿನ್ನಿಂಗ್ ಮಿಲ್ಲುಗಳಲ್ಲಿ ಈ ಕೆಲಸ ಆಗುತ್ತದೆ. ಬೀಜ ತೆಗೆದ ಅರಳೆಯನ್ನು ಒತ್ತಿ 170 ಕಿಲೋ ತೂಕದ ಬೇಲ್ ಕಟ್ಟುತ್ತಾರೆ.

ನೀವು ಬಿಡಿಸಿದ ಅರಳೆಯನ್ನೂ ಬೀಜವನ್ನೂ ಬೇರೆ ಬೇರೆ ತೂಗಿ ನೋಡಿ. ಅರಳೆ ಸುಮಾರು ಮೂರನೇ ಒಂದು ಭಾಗ ಮಾತ್ರ ಇರುತ್ತದೆ. ಉಳಿದದ್ದೆಲ್ಲ ಬೀಜ. ಅದೂ ವ್ಯರ್ಥವಲ್ಲ. ಹತ್ತಿಕಾಳು ಎಮ್ಮೆ, ಹಸುಗಳಿಗೆ ಒಳ್ಳೆಯ ಮೇವು. ಅದರಿಂದ ಎಣ್ಣೆಯನ್ನೂ ತೆಗೆಯುತ್ತಾರೆ.

ಇನ್ನು ಹಿಂಜುವುದು. ಅರಳೆಯ ಸಣ್ಣ ತುಂಡನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಎಳೆದು ಬಿಡಿಸಿ. ಕಸ, ಎಲೆಚೂರು, ಗಂಟು ಕಂಡರೆ ತೆಗೆಯಿರಿ. ಗಂಟುಗಳೆಲ್ಲ ಹೋಗಿ ಹತ್ತಿ ಹಗುರವಾಗಿ ಉಬ್ಬಿ ನಿಲ್ಲುವ ತನಕ ಹಿಂಜಿ. ಇದು ಬೇಸರದ ಕೆಲಸ ಅನ್ನಿಸಬಹುದು, ಆದರೂ ಬಿಡಬೇಡಿ. ಸರಿಯಾಗಿ ಹಿಂಜದ ಹತ್ತಿಯಿಂದ ಎಂಥ ನುರಿತವರು ನೂತರೂ ನೂಲು ಗಂಟುಗಂಟಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಪಿಂಜಾರರು, ನದಾಫರು ದೊಡ್ಡ ಬಿಲ್ಲು ಹಿಡಿದು ಈ ಕೆಲಸ ಮಾಡುತ್ತಿದ್ದರು. ಬಿಲ್ಲಿನ ಹುರಿಯನ್ನು ಹತ್ತಿಯ ಮೇಲಿಟ್ಟು ಮೀಟಿದರೆ ಅದರ ನಡುಕಕ್ಕೆ ನಾರುಗಳು ಬಿಡಿಬಿಡಿಯಾಗಿ ಹಾರುತ್ತವೆ. ಗಾದಿ ಹಿಂಜಲು ಅವರು ಓಣಿಗೆ ಬರುತ್ತಿದ್ದುದನ್ನು ನಿಮ್ಮ ಅಜ್ಜ, ಅಜ್ಜಿ ನೋಡಿರುತ್ತಾರೆ, ಕೇಳಿ.

ಹಿಂಜಿದ ಹತ್ತಿಯನ್ನು ಅಂಗೈಯಗಲ ತೆಳ್ಳಗೆ ಹರಡಿ. ಒಂದು ಪೆನ್ಸಿಲ್ ಇಟ್ಟು ಮೆತ್ತಗೆ ಸುತ್ತಿ, ಪೆನ್ಸಿಲ್ ಹೊರಗೆ ಎಳೆಯಿರಿ. ಬೆರಳು ಗಾತ್ರದ ಸುರುಳಿ ಉಳಿಯುತ್ತದೆ. ಇದೇ ಹಂಜಿ. ಹತ್ತು ಹನ್ನೆರಡು ಹಂಜಿ ಮಾಡಿಟ್ಟುಕೊಳ್ಳಿ.

ನೂಲುವುದು: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ತಕಲಿ ಹಿಡಿಯುವ ಮುಂಚೆ ಅಜ್ಜಿ ದೀಪದ ಬತ್ತಿ ಹೊಸೆಯುವುದನ್ನು ನೋಡಿ. ಒಂದು ಕೈ ಹತ್ತಿಯನ್ನು ಎಳೆದು ತೆಳ್ಳಗೆ ಮಾಡುತ್ತದೆ. ಇನ್ನೊಂದು ಕೈ ಅದನ್ನು ಹೊಸೆಯುತ್ತದೆ. ನೂಲುವುದೆಂದರೆ ಇದೇ ಎರಡು ಕೆಲಸ, ಎಳೆಯುವುದು ಮತ್ತು ಹೊಸೆಯುವುದು. ತಕಲಿ, ಚರಕ, ಕೊನೆಗೆ ಸಾವಿರಾರು ಕದಿರು ತಿರುಗುವ ಮಿಲ್ಲು, ಎಲ್ಲವೂ ಮಾಡುವುದು ಇದನ್ನೇ. ನೀವೂ ಮೊದಲು ಅಜ್ಜಿಯ ಪಕ್ಕ ಕೂತು ಒಂದಿಷ್ಟು ಬತ್ತಿ ಹೊಸೆಯಿರಿ. ಬೆರಳಿಗೆ ಅಂದಾಜು ಸಿಗುತ್ತದೆ.

ಈಗ ತಕಲಿ. ಒಂದು ಮೊಳ ಹೊಲಿಗೆ ದಾರವನ್ನು ಬಿಲ್ಲೆಯ ಮೇಲ್ಗಡೆ ಕಡ್ಡಿಗೆ ಕಟ್ಟಿ. ಒಂದೆರಡು ಸುತ್ತು ಸುತ್ತಿ, ಮೇಲಿನ ಕಚ್ಚಿಗೆ ಸಿಕ್ಕಿಸಿ. ತಕಲಿಯ ಕೆಳತುದಿಯನ್ನು ಬಟ್ಟಲಿನಲ್ಲಿ ಊರಿ. ಗಾಳಿಯಲ್ಲಿ ನೇತುಹಾಕಬೇಡಿ. ಉಣ್ಣೆಯ ನಾರು ಉದ್ದ, ಅದು ತಕಲಿಯ ಭಾರ ತಡೆಯುತ್ತದೆ. ಹತ್ತಿಯ ಗಿಡ್ಡ ನಾರಿಗೆ ಶುರುವಿನಲ್ಲಿ ಆ ಭಾರ ಆಗುವುದಿಲ್ಲ.

ಎಡಗೈಯಲ್ಲಿ ಹಂಜಿಯನ್ನು ಮೆತ್ತಗೆ ಹಿಡಿಯಿರಿ, ಹಿಸುಕಬೇಡಿ. ದಾರದ ತುದಿಯನ್ನು ಹಂಜಿಯ ತುದಿಯ ಮೇಲೆ ಇಡಿ. ಬಲಗೈಯ ಹೆಬ್ಬೆರಳು, ತೋರುಬೆರಳಿನಿಂದ ತಕಲಿಯನ್ನು ತಿರುಗಿಸಿ. ಹೊಸೆತ ದಾರದ ಉದ್ದಕ್ಕೂ ಓಡಿ ಬಂದು ಹಂಜಿಯ ನಾರುಗಳನ್ನು ಹಿಡಿದುಕೊಳ್ಳುತ್ತದೆ. ಆಗ ಎಡಗೈಯನ್ನು ನಿಧಾನವಾಗಿ ಹಿಂದಕ್ಕೆ, ಮೇಲಕ್ಕೆ ಎಳೆಯಿರಿ. ಹಂಜಿಯಿಂದ ನಾರುಗಳು ಸರಿದು ಬರುತ್ತವೆ, ಬಂದ ಹಾಗೇ ಹೊಸೆದುಕೊಳ್ಳುತ್ತವೆ. ಕೈ ಪೂರ್ತಿ ಚಾಚಿದ ಮೇಲೆ ಎಳೆಯುವುದನ್ನು ನಿಲ್ಲಿಸಿ. ತಕಲಿಯನ್ನು ಇನ್ನೊಂದೆರಡು ಸಲ ತಿರುಗಿಸಿ ನೂಲು ಬಿಗಿಯಾಗಲಿ. ಆಮೇಲೆ ಕಚ್ಚಿನಿಂದ ಬಿಡಿಸಿ, ಬಿಲ್ಲೆಯ ಮೇಲೆ ಸುತ್ತಿ, ಮತ್ತೆ ಸಿಕ್ಕಿಸಿ ಮುಂದುವರಿಸಿ.

ಮೊದಲ ದಿನ ನೂಲು ತುಂಡಾಗುತ್ತಲೇ ಇರುತ್ತದೆ. ಅದು ಎಲ್ಲರಿಗೂ ಹಾಗೇ. ತುಂಡಾದ ಜಾಗವನ್ನು ನೋಡಿದರೆ ಕಾರಣ ತಿಳಿಯುತ್ತದೆ. ತುದಿ ಪೊದೆಯ ಹಾಗೆ ಬಿಡಿಸಿಕೊಂಡಿದ್ದರೆ ಹೊಸೆತ ಸಾಲದು, ಇನ್ನಷ್ಟು ತಿರುಗಿಸಬೇಕಿತ್ತು. ನೂಲು ಅಲ್ಲಲ್ಲಿ ತನ್ನ ಮೇಲೇ ಸುತ್ತಿಕೊಂಡು ಕುಣಿಕೆ ಬಿದ್ದಿದ್ದರೆ ಹೊಸೆತ ಜಾಸ್ತಿಯಾಗಿದೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗುತ್ತಿದ್ದರೆ ಎಡಗೈ ಒಂದೇ ಹದದಲ್ಲಿ ಎಳೆಯುತ್ತಿಲ್ಲ. ಹಂಜಿಯೊಳಗೇ ಹೊಸೆತ ನುಗ್ಗಿ ಮುದ್ದೆಯಾದರೆ ಆ ಭಾಗ ಕಿತ್ತು ಬಿಡಿ, ಅದನ್ನು ಸರಿಮಾಡಲು ಆಗುವುದಿಲ್ಲ. ತುಂಡಾದ ನೂಲಿಗೆ ಗಂಟು ಹಾಕಬೇಡಿ. ಎರಡೂ ತುದಿಯನ್ನು ಸ್ವಲ್ಪ ಬಿಡಿಸಿ, ಒಂದರ ಮೇಲೊಂದಿಟ್ಟು ಹೊಸೆದರೆ ಸೇರಿಕೊಳ್ಳುತ್ತವೆ.

ಹೊಸೆದರೆ ಬಲ ಬರುವುದು ಯಾಕೆ? ಹೊಸೆಯದ ನಾರುಗಳು ಒಂದರ ಪಕ್ಕ ಒಂದು ಸುಮ್ನೆ ಮಲಗಿರುತ್ತವೆ. ಎಳೆದರೆ ಜಾರಿಹೋಗುತ್ತವೆ. ಹೊಸೆದಾಗ ಹೊರಗಿನ ನಾರುಗಳು ಒಳಗಿನವನ್ನು ಸುತ್ತುವರಿದು ಒತ್ತುತ್ತವೆ. ನೀವು ಎಳೆದಷ್ಟೂ ಒತ್ತಡ ಹೆಚ್ಚುತ್ತದೆ, ಉಜ್ಜಾಟವೂ ಹೆಚ್ಚುತ್ತದೆ, ನಾರು ಜಾರುವುದಿಲ್ಲ. ಎಳೆಯುವ ಬಲವೇ ನೂಲನ್ನು ಬಿಗಿ ಮಾಡುತ್ತದೆ. ಇಡೀ ಬಟ್ಟೆಯ ಕಥೆಯಲ್ಲಿ ನನಗೆ ಅತಿ ಸೋಜಿಗ ಅನ್ನಿಸುವುದು ಇದೇ.

ನೂಲುವುದು ನಮ್ಮ ನಾಡಿನಲ್ಲಿ ಎಷ್ಟು ಹಳೆಯ ಕಾಯಕ ನೋಡಿ. 12ನೇ ಶತಮಾನದ ಶರಣೆ ಕದಿರ ರೆಮ್ಮವ್ವೆ ನೂಲುವ ಕಾಯಕದವರು. ರಾಟೆಯನ್ನೇ ವಚನಕ್ಕೆ ವಸ್ತುವಾಗಿ ಮಾಡಿಕೊಂಡವರು. ಅವರಿಗಿಂತ ಹಿಂದಿನ ಜೇಡರ ದಾಸಿಮಯ್ಯ ಮುದನೂರಿನ ನೇಕಾರರು. ಕೈಯಲ್ಲಿ ಕೆಲಸ, ಬಾಯಲ್ಲಿ ಮಾತು ಎರಡೂ ಅವರಿಗೆ ಜೊತೆಜೊತೆಗೇ ಇದ್ದವು.

ನಮ್ಮ ಅಂಗೈ ಬಟ್ಟೆಗೆ ಸುಮಾರು 15 ಮೀಟರ್ ನೂಲು ಬೇಕು. ಅದರಲ್ಲಿ 8 ಮೀಟರ್ ನೂಲನ್ನು ಎರಡೆಳೆ ಮಾಡಬೇಕು. ನೂಲನ್ನು ಎರಡು ಮಡಿಕೆ ಮಾಡಿ, ಒಬ್ಬರು ಒಂದು ತುದಿ ಹಿಡಿದು, ಇನ್ನೊಬ್ಬರು ನೂತದ್ದಕ್ಕೆ ಉಲ್ಟಾ ದಿಕ್ಕಿನಲ್ಲಿ ತಿರುಚಿ. ಒಂದೊಂದು ಎಳೆ ಒಂದು ದಿಕ್ಕಿಗೆ ಬಿಚ್ಚಿಕೊಳ್ಳಲು ನೋಡುತ್ತದೆ. ಜೋಡಿಯಾದ ಎಳೆ ಅದನ್ನು ತಡೆಯುತ್ತದೆ. ಹಗ್ಗವನ್ನೂ ಹೀಗೇ ಹೊಸೆಯುವುದು. ಎರಡೆಳೆಯ ನೂಲು ಮಗ್ಗದಲ್ಲಿ ಉದ್ದಕ್ಕೆ ಕಟ್ಟಲು, ಒಂಟಿ ಎಳೆ ಅಡ್ಡಕ್ಕೆ ತೂರಿಸಲು.

ಕುದಿಸುವುದು, ಬಣ್ಣ, ಗಂಜಿ

ನೂಲಿನಲ್ಲಿ ಇನ್ನೂ ಮೇಣ ಇದೆ. ಈ ನೂಲಿಗೆ ಬಣ್ಣ ಹಾಕಿದರೆ ಅದು ಒಳಗೆ ಇಳಿಯುವುದಿಲ್ಲ. ನೂಲನ್ನು ಸಡಿಲವಾದ ಲಡಿಯಾಗಿ ಸುತ್ತಿ, ನಾಲ್ಕು ಕಡೆ ದಾರ ಕಟ್ಟಿ. ಒಂದು ಲೀಟರ್ ನೀರಿಗೆ ಒಂದು ಚಮಚ ಬಟ್ಟೆ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ. ನೀರು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಬಿಳಿ ಹತ್ತಿಯಿಂದ ಇಷ್ಟು ಕೊಳೆ ಎಲ್ಲಿಂದ ಬಂತು ಅನ್ನಿಸುತ್ತದೆ. ತೊಳೆದು ತೆಗೆಯಿರಿ. ಕುದಿಸಿದ್ದರಿಂದ ಹೊಸೆತವೂ ಕೂತಿರುತ್ತದೆ, ನೂಲು ಮೊದಲಿನಂತೆ ಸುರುಳಿ ಸುತ್ತುವುದಿಲ್ಲ.

ಬಣ್ಣ ಅಂದ ತಕ್ಷಣ ಅರಿಶಿನ ನೆನಪಾಗುತ್ತದೆ. ಅದು ಬೇಗ ಹತ್ತುತ್ತದೆ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಸೋಪು ತಾಗಿದರೆ ಕೆಂಪಾಗುತ್ತದೆ ಕೂಡ. ದಾಳಿಂಬೆ ಸಿಪ್ಪೆ ಅದಕ್ಕಿಂತ ಒಳ್ಳೆಯದು. ಒಂದು ಹಣ್ಣಿನ ಸಿಪ್ಪೆಯನ್ನು ಎರಡು ಲೋಟ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿ. ಕಾಲು ಚಮಚ ಪಟಿಕದ ಪುಡಿ ಕರಗಿಸಿ. ಅಡ್ಡಕ್ಕೆ ಹಾಕುವ ನೂಲಿನಲ್ಲಿ ಅರ್ಧವನ್ನು ಅದರಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಇಡಿ, ಅಲ್ಲೇ ತಣಿಯಲು ಬಿಡಿ. ಹಳದಿ ಬರುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ವಾರ ವಿನೆಗರ್‌ನಲ್ಲಿ ನೆನೆಸಿಟ್ಟಿದ್ದರೆ, ಆ ನೀರಿನ ಒಂದು ಚಮಚ ಸೇರಿಸಿ ನೋಡಿ. ಕಣ್ಣ ಮುಂದೆಯೇ ಹಳದಿ ಹೋಗಿ ಕಪ್ಪು ಛಾಯೆ ಬರುತ್ತದೆ. ಸಿಪ್ಪೆಯ ಒಗರೂ ಕಬ್ಬಿಣವೂ ಸೇರಿ ಆ ಬಣ್ಣ ಆಗುವುದು. ಅಡುಗೆಯ ಪಾತ್ರೆ ಬಳಸಬೇಡಿ, ಇದಕ್ಕೆಂದೇ ಒಂದು ಹಳೆಯ ಪಾತ್ರೆ ಇರಲಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿರುವ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಬೇಯಿಸಿದ ಚೊಗರಿನಿಂದ ಬಟ್ಟೆಗೆ ಬಣ್ಣ ಕೊಡುತ್ತಾರೆ. ಮಲೆನಾಡಿನ ಮಕ್ಕಳು ಅದನ್ನೂ ಮಾಡಿ ನೋಡಬಹುದು.

ಎರಡೆಳೆಯ ನೂಲನ್ನು ಮಾತ್ರ ತೆಳು ಅನ್ನದ ಗಂಜಿಯಲ್ಲಿ ಅದ್ದಿ, ಹಿಂಡಿ, ಎಳೆದು ಕಟ್ಟಿ ಒಣಗಿಸಿ. ಮಗ್ಗದಲ್ಲಿ ಉದ್ದದ ಎಳೆಗಳು ಬಿಗಿಯಾಗಿ ನಿಂತು ಪದೇಪದೇ ಉಜ್ಜಿಸಿಕೊಳ್ಳುತ್ತವೆ. ಗಂಜಿ ಹಾಕಿದರೆ ನಾರು ಎದ್ದು ನಿಲ್ಲುವುದಿಲ್ಲ, ನೂಲು ಸವೆಯುವುದಿಲ್ಲ. ಕುರಿ ಉಣ್ಣೆಯ ಕಂಬಳಿ ನೇಯುವವರು ಇದಕ್ಕೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ಹೊಸ ಕಂಬಳಿ ಅಷ್ಟು ಬಿರುಸಾಗಿರಲು ಅದೂ ಒಂದು ಕಾರಣ.

ರಟ್ಟಿನ ಮಗ್ಗ

12 ಸೆಂ.ಮೀ. ಅಗಲ, 16 ಸೆಂ.ಮೀ. ಉದ್ದದ ಗಟ್ಟಿ ರಟ್ಟು ಕತ್ತರಿಸಿ. ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಅರ್ಧ ಸೆಂಟಿಮೀಟರಿಗೆ ಒಂದರಂತೆ 21 ಕಚ್ಚು ಹಾಕಿ. ಎರಡೂ ಕಡೆಯ ಕಚ್ಚುಗಳು ಎದುರುಬದುರಾಗಿರಬೇಕು. ಎರಡೆಳೆಯ ನೂಲನ್ನು ಮೊದಲ ಕಚ್ಚಿಗೆ ಕಟ್ಟಿ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಕಚ್ಚಿನಿಂದ ಕಚ್ಚಿಗೆ ತನ್ನಿ. ಬಿಗಿ ಇರಲಿ, ಆದರೆ ರಟ್ಟು ಬಾಗಬಾರದು. ಇದು ಹಾಸು.

ಈಗ ಅಡಿ ಸ್ಕೇಲನ್ನು ಒಂದು ಎಳೆ ಬಿಟ್ಟು ಒಂದು ಎಳೆಯ ಕೆಳಗೆ ತೂರಿಸಿ, ನೇರವಾಗಿ ಎಬ್ಬಿಸಿ ನಿಲ್ಲಿಸಿ. ಅರ್ಧ ಎಳೆಗಳು ಮೇಲೆ ಏಳುತ್ತವೆ, ಅರ್ಧ ಕೆಳಗೇ ಉಳಿಯುತ್ತವೆ. ನಡುವೆ ಒಂದು ದಾರಿ ತೆರೆಯುತ್ತದೆ. ಸೂಜಿಗೆ ಒಂಟಿ ಎಳೆ ಪೋಣಿಸಿ ಆ ದಾರಿಯಲ್ಲಿ ಒಂದೇ ಸಲಕ್ಕೆ ದಾಟಿಸಿ. ಇದು ಹೊಕ್ಕು. ವಾಪಸ್ ಬರುವಾಗ ಸ್ಕೇಲನ್ನು ಮಲಗಿಸಿ. ಮೊದಲು ಮೇಲಿದ್ದ ಎಳೆಗಳ ಮೇಲಿಂದ, ಕೆಳಗಿದ್ದವುಗಳ ಕೆಳಗಿಂದ ಸೂಜಿಯನ್ನು ಒಂದೊಂದಾಗಿ ಹಾಯಿಸಿ. ಪ್ರತಿ ಸಾಲಿನ ನಂತರ ಬಾಚಣಿಗೆಯಿಂದ ಕೆಳಕ್ಕೆ ತಟ್ಟಿ.

ಎಲ್ಲರೂ ಎಡವುವುದು ಅಂಚಿನಲ್ಲಿ. ಹೊಕ್ಕನ್ನು ಬಿಗಿಯಾಗಿ ಎಳೆದರೆ ಬಟ್ಟೆಯ ನಡು ಸಣ್ಣಗಾಗುತ್ತಾ ಹೋಗುತ್ತದೆ. ಅದಕ್ಕೆ ಪ್ರತಿ ಸಾಲಿನ ನೂಲನ್ನು ನೇರ ಎಳೆಯದೆ ಸ್ವಲ್ಪ ಕಮಾನಿನಂತೆ ಬಿಡಿ, ಆಮೇಲೆ ತಟ್ಟಿ. ಮೇಲೆ ಕೆಳಗೆ ಹಾಯಲು ಅದಕ್ಕೆ ಹೆಚ್ಚು ಉದ್ದ ಬೇಕಲ್ಲ. ನಾಲ್ಕು ಸಾಲು ಬಿಳಿ, ನಾಲ್ಕು ಸಾಲು ಹಳದಿ ಹಾಕಿದರೆ ಪಟ್ಟೆ ಬರುತ್ತದೆ. 10 ಸೆಂ.ಮೀ. ಆದ ಮೇಲೆ ನಿಲ್ಲಿಸಿ. ಹಾಸಿನ ಎಳೆಗಳನ್ನು ಎರಡೆರಡಾಗಿ ಕತ್ತರಿಸಿ ಗಂಟು ಹಾಕಿ, ಕೊನೆಯ ಮೂರನ್ನು ಸೇರಿಸಿ ಕಟ್ಟಿ. ಬಿಸಿ ನೀರಿನಲ್ಲಿ ತೊಳೆದರೆ ಗಂಜಿ ಹೋಗಿ ಎಳೆಗಳು ಒತ್ತಾಗಿ ಕೂರುತ್ತವೆ. ಈಗ ಅದು ನಿಜವಾಗಿ ಬಟ್ಟೆ.

ನಿಜವಾದ ಮಗ್ಗದಲ್ಲಿ ಏನು ಬೇರೆ?

ನೀವು ಸ್ಕೇಲಿನಲ್ಲಿ ಮಾಡಿದ್ದನ್ನು ನೇಕಾರರು ಕಾಲಿನಲ್ಲಿ ಮಾಡುತ್ತಾರೆ. ಬಾಗಲಕೋಟೆ ಜಿಲ್ಲೆಯ ಇಳಕಲ್, ಗುಳೇದಗುಡ್ಡಗಳಲ್ಲಿ ಕುಣಿಮಗ್ಗ ನೋಡಬಹುದು. ನೆಲದಲ್ಲಿ ಒಂದು ಕುಣಿ ಇರುತ್ತದೆ. ನೇಕಾರರು ಅದರ ಅಂಚಿನಲ್ಲಿ ಕೂತು ಕಾಲು ಇಳಿಬಿಡುತ್ತಾರೆ. ಒಂದು ಕಾಲು ತುಳಿದರೆ ಅರ್ಧ ಹಾಸು ಮೇಲೇಳುತ್ತದೆ, ಇನ್ನೊಂದು ತುಳಿದರೆ ಉಳಿದರ್ಧ. ತೆರೆದ ದಾರಿಯಲ್ಲಿ ಹೊಕ್ಕಿನ ನೂಲು ಹೊತ್ತ ಲಾಳಿ ಓಡುತ್ತದೆ. ಮೊದಲು ಲಾಳಿಯನ್ನು ಕೈಯಿಂದ ಕೈಗೆ ಎಸೆಯಬೇಕಿತ್ತು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಗ್ಗ ಜಗ್ಗಿದರೆ ಲಾಳಿ ತಾನೇ ಓಡುವ ಉಪಾಯ ಕಂಡುಹಿಡಿದ. ನೇಯ್ಗೆ ವೇಗವಾಯಿತು, ನೂಲು ಸಾಲದಾಯಿತು. ಆಮೇಲೆ ನೂಲುವ ಯಂತ್ರಗಳು ಬಂದವು.

ಇಳಕಲ್ ಸೀರೆಯ ಕೆಂಪು ಸೆರಗನ್ನು ಹತ್ತಿರದಿಂದ ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗಿನ ಹಾಸು ರೇಷ್ಮೆಯದು. ನೇಯುವ ಮುಂಚೆ ಆ ಎರಡು ಹಾಸನ್ನು ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಪ್ರತಿ ಸೀರೆಗೂ ಸಾವಿರಾರು ಎಳೆ ಹೀಗೆ ಸೇರಬೇಕು. ತೋಪುತೆನಿ ಸೆರಗು ಅನ್ನುವುದು ಇದನ್ನೇ. 21 ಎಳೆ ಕಟ್ಟಿದ ನಿಮಗೆ ಆ ಕೆಲಸದ ತೂಕ ಈಗ ಗೊತ್ತಾಗುತ್ತದೆ. ಒಬ್ಬರು ಮಗ್ಗದಲ್ಲಿ ಕೂತಿದ್ದರೂ ಹಾಸು ಮಾಡುವುದು, ನೂಲು ಸುತ್ತುವುದು ಹೀಗೆ ಮನೆಯವರೆಲ್ಲರ ಕೈ ಅದರಲ್ಲಿ ಇರುತ್ತದೆ. ಹೆಚ್ಚಿನ ಸಲ ಆ ಕೈಗಳಿಗೆ ಕೂಲಿಯ ಲೆಕ್ಕ ಇರುವುದಿಲ್ಲ.

ಒಂದು ಲೆಕ್ಕ ಮಾಡೋಣ. ಕರ್ಚೀಫಿನ ಮೇಲೆ ಸ್ಕೇಲಿಟ್ಟು 1 ಸೆಂ.ಮೀ.ಗೆ ಎಷ್ಟು ಎಳೆ ಇವೆ ಎಣಿಸಿ. ಭೂತಗನ್ನಡಿ ಇದ್ದರೆ ಸುಲಭ. 25 ಬಂತು ಅಂದುಕೊಳ್ಳಿ. 40 ಸೆಂ.ಮೀ. ಚೌಕದ ಕರ್ಚೀಫಿನಲ್ಲಿ ಉದ್ದಕ್ಕೆ 1000 ಎಳೆ, ಅಡ್ಡಕ್ಕೆ 1000 ಎಳೆ. ಒಂದೊಂದು 40 ಸೆಂ.ಮೀ. ಒಟ್ಟು 800 ಮೀಟರ್ ನೂಲು! 40 ನಂಬರಿನ ನೂಲಾದರೆ 1 ಗ್ರಾಮಿಗೆ ಸುಮಾರು 68 ಮೀಟರ್ ಬರುತ್ತದೆ. ಅಂದರೆ ಅಷ್ಟೂ ನೂಲಿನ ತೂಕ 12 ಗ್ರಾಂ. ನಂಬರು ಹೆಚ್ಚಾದಷ್ಟೂ ನೂಲು ಸಣ್ಣ. ಇದೇ ರೀತಿ ಅಮ್ಮನ ಸೀರೆಯ ಲೆಕ್ಕವನ್ನು ನೀವೇ ಮಾಡಿ. ಉತ್ತರ ಕಿಲೋಮೀಟರ್‌ಗಳಲ್ಲಿ ಬರುತ್ತದೆ.

ಬೀರು ತೆರೆದು ನೋಡಿ

ಎಲ್ಲ ಬಟ್ಟೆಯೂ ನಿಮ್ಮ ತುಂಡಿನ ಹಾಗಿಲ್ಲ. ಜೀನ್ಸ್ ಪ್ಯಾಂಟಿನ ಮೇಲೆ ಓರೆ ಗೆರೆಗಳು ಕಾಣುತ್ತವೆ. ಅಲ್ಲಿ ಹೊಕ್ಕು ಒಂದು ಬಿಟ್ಟು ಒಂದಲ್ಲ, ಒಂದಕ್ಕಿಂತ ಹೆಚ್ಚು ಎಳೆ ದಾಟುತ್ತದೆ, ಪ್ರತಿ ಸಾಲಿಗೂ ಒಂದೆಳೆ ಪಕ್ಕಕ್ಕೆ ಸರಿಯುತ್ತದೆ. ಟೀ ಶರ್ಟಿನಲ್ಲಿ ಹಾಸು ಹೊಕ್ಕು ಎರಡೂ ಇಲ್ಲ. ಅದು ಕುಣಿಕೆಯೊಳಗೆ ಕುಣಿಕೆ ಹಾಕಿ ಹೆಣೆದದ್ದು, ಅದಕ್ಕೇ ಹಿಗ್ಗುತ್ತದೆ.

ನಾರೂ ಬೇರೆ ಬೇರೆ. ರೇಷ್ಮೆಹುಳು ತನ್ನ ಗೂಡನ್ನು ಒಂದೇ ಎಳೆಯಿಂದ ಸುತ್ತುತ್ತದೆ, ಅದು ನೂರಾರು ಮೀಟರ್ ಉದ್ದ. ಹಾಗಾಗಿ ರೇಷ್ಮೆಯನ್ನು ಹತ್ತಿಯಂತೆ ನೂಲಬೇಕಿಲ್ಲ. ಬಿಸಿ ನೀರಿನಲ್ಲಿ ಗೂಡುಗಳ ಅಂಟು ಸಡಿಲ ಮಾಡಿ, ಕೆಲವು ಗೂಡಿನ ಎಳೆಗಳನ್ನು ಸೇರಿಸಿ ಬಿಚ್ಚುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದರೆ ಬುಟ್ಟಿಗಟ್ಟಲೆ ಗೂಡು ನೋಡಬಹುದು. ಪಾಲಿಯೆಸ್ಟರ್ ಕಾರ್ಖಾನೆಯದು. ಕಚ್ಚಾ ತೈಲದಿಂದ ಮಾಡಿದ ವಸ್ತುವನ್ನು ಕರಗಿಸಿ, ಸಣ್ಣ ತೂತುಗಳಿಂದ ಎಳೆಯಾಗಿ ಹೊರಗೆ ತಳ್ಳುತ್ತಾರೆ. ಅದು ಬೆವರು ಹೀರುವುದು ತೀರಾ ಕಡಿಮೆ. ಬೇಸಿಗೆಯಲ್ಲಿ ಹತ್ತಿ ಅಂಗಿಯೇ ಹಿತ.

ನೋಡಲು ಹೋಗುವುದಾದರೆ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, 1957ರಲ್ಲಿ ಶುರುವಾದದ್ದು. ಖಾದಿಯ ರಾಷ್ಟ್ರಧ್ವಜ ಅಲ್ಲಿ ತಯಾರಾಗುತ್ತದೆ. ಆ ಬಟ್ಟೆಯ ನೂಲು ಕೈಯಲ್ಲಿ ನೂತದ್ದು, ನೇಯ್ಗೆ ಕೈಮಗ್ಗದ್ದು. ಎಳೆ, ಅಳತೆ, ಬಣ್ಣ ಎಲ್ಲಕ್ಕೂ ನಿಯಮ ಇದೆ. ಭಾರತೀಯ ಮಾನಕಗಳಲ್ಲಿ ಒಂದನೇ ನಂಬರಿನದು ರಾಷ್ಟ್ರಧ್ವಜದ್ದೇ. ಇಳಕಲ್, ಗುಳೇದಗುಡ್ಡ, ಮೊಳಕಾಲ್ಮೂರಿನಲ್ಲಿ ಮಗ್ಗಗಳು ಹೆಚ್ಚಾಗಿ ಮನೆಗಳಲ್ಲೇ ಇವೆ. ಮೊದಲೇ ಕೇಳಿಕೊಂಡು ಹೋಗಿ.

ನೀವು ನೇಯ್ದ ತುಂಡನ್ನೂ ಜೊತೆಗೆ ಒಯ್ಯಿರಿ. ನೇಕಾರರಿಗೆ ತೋರಿಸಿ, ಅಂಚು ಯಾಕೆ ಸೊಟ್ಟಗಾಯಿತು ಎಂದು ಕೇಳಿ. ಅವರು ಬೆರಳಲ್ಲಿ ಮುಟ್ಟಿ ನೋಡಿಯೇ ತಪ್ಪು ಎಲ್ಲಿದೆ ಅಂತ ಹೇಳಬಲ್ಲರು. ಒಂದು ಸೀರೆಗೆ ಎಷ್ಟು ದಿನ ಬೇಕು, ಹಾಸಿನಲ್ಲಿ ಎಷ್ಟು ಎಳೆ ಇವೆ, ನೂಲು ಎಲ್ಲಿಂದ ಬರುತ್ತದೆ, ನೇಯ್ದದ್ದಕ್ಕೆ ಎಷ್ಟು ಸಿಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಮಗ್ಗದ ಮೇಲಿನ ಹಾಸನ್ನು ಮಾತ್ರ ಹೇಳದೆ ಮುಟ್ಟಬೇಡಿ. ಕೈಯ ಬೆವರು ತಾಗಿದರೂ ರೇಷ್ಮೆ ಎಳೆಗೆ ಕಲೆಯಾಗಬಹುದು. ಒಂದು ಎಳೆ ತುಂಡಾದರೂ ಅವರು ನೇಯ್ಗೆ ನಿಲ್ಲಿಸಿ, ಅದನ್ನು ಹುಡುಕಿ ಮತ್ತೆ ಜೋಡಿಸಬೇಕಾಗುತ್ತದೆ.